ಸರ್ವರ್ ಬಿದ್ದ ಗುರುವಾರಗಳು

ಮೊನ್ನೆ ಒಬ್ಬ ಹೆಣ್ಣುಮಗಳ ಹೊಲಿಗೆ ಮಷಿನ್ನಿಗೆ ಶಟಲಿನ ಸ್ಕ್ರೂ ಬೇಕಾಗಿತ್ತು. ಇಂಥ ಹೊತ್ತಿನಲ್ಲಿ ನಾನು ನೆಚ್ಚುವುದು ಬಿಸ್ಕೀಟಿನ ಒಂದು ಹಳೆಯ ತಗಡಿನ ಡಬ್ಬಿಯನ್ನು. ಹುಮನಾಬಾದಿನಲ್ಲಿ ಅಂಗಡಿ ಇಟ್ಟ ದಿನದಿಂದ ಎಲ್ಲಿಯೂ ಸೇರದ ಸಾಮಾನೆಲ್ಲ ಅದರೊಳಗೆ ಸೇರುತ್ತ ಬಂದಿದೆ. ಮೊಂಡಾದ ಸೂಜಿಗಳು, ಅಂಚು ಮುಕ್ಕಾದ ಬಾಬಿನ್ನುಗಳು, ಯಾವುದೋ ಮಷಿನ್ನಿಂದ ಬಿಚ್ಚಿ ತಿರುಗಿ ಹಾಕುವುದನ್ನು ಮರೆತ ಸ್ಪ್ರಿಂಗುಗಳು. ಮರೆತದ್ದನ್ನು ದಯವಿಟ್ಟು ಗಿರಾಕಿಗಳಿಗೆ ಹೇಳಬೇಡಿ. ಡಬ್ಬಿಯನ್ನು ಪೇಪರಿನ ಮೇಲೆ ಬೋರಲು ಹಾಕಿ ಕೆದಕಿದೆ. ಸ್ಕ್ರೂ ಸಿಗಲಿಲ್ಲ. ನೀಲಿ ಬಣ್ಣದ ಒಂದು ಪೆನ್‌ಡ್ರೈವ್ ಸಿಕ್ಕಿತು.

"ಇದೇನ್ರಿ ಅಣ್ಣಾರ, ಇದೂ ಮಷಿನ್ ಸಾಮಾನೇನು?" ಅಂತ ಆ ಹೆಣ್ಣುಮಗಳು ಕೇಳಿದಳು.

"ಹೌದವಾ, ಭಾಳ ದೊಡ್ಡ ಮಷಿನ್ನಿಂದು. ಅದನ್ನ ನಾ ರಿಪೇರಿ ಮಾಡ್ಲಿಲ್ಲ, ಅದೇ ನನಗ ರಿಪೇರಿ ಮಾಡ್ತು" ಅಂದೆ. ಆಕೆಗೆ ಏನೂ ತಿಳಿಯಲಿಲ್ಲ. ಸುಮ್ಮನೆ ನಕ್ಕಳು.

ಡಬ್ಬಿಯ ತಳಕ್ಕೆ ಅಂಟಿಕೊಂಡು ನಾಲ್ಕು ಮಡಿಕೆಯ ಒಂದು ಕಾಗದವೂ ಇತ್ತು. ಅದನ್ನು ಬಿಚ್ಚಲಿಲ್ಲ. ಅದರಲ್ಲಿರುವುದು ನನಗೆ ಬಾಯಿಪಾಠ ಬರುತ್ತದೆ. ನಿಮಗೂ ಹೇಳುತ್ತೇನೆ, ಆದರೆ ಅದಕ್ಕಿಂತ ಮೊದಲು ನನ್ನ ಮಾನ ಒಂದಿಷ್ಟು ಹೋಗಬೇಕು.

ನಾನು ಓದಿದ್ದು ಆರನೇ ಇಯತ್ತೆ, ಅದೂ ಪೂರ್ತಿ ಅಲ್ಲ. ದುಬಲಗುಂಡಿಯ ನಮ್ಮ ಸಾಲಿಯಲ್ಲಿ ಒಬ್ಬ ಮಾಸ್ತರರಿದ್ದರು. ಅವರ ಮನೆಯ ಹೊಲಿಗೆ ಮಷಿನ್ ಒಂದು ದಿನ ಕೆಟ್ಟು ನಿಂತಿತು. ಮಷಿನ್ ರಿಪೇರಿ ನಮ್ಮಪ್ಪನ ಕಸುಬು. ಅಪ್ಪ ಊರಲ್ಲಿ ಇರಲಿಲ್ಲ ಅಂತ ನಾನೇ ಹೋಗಿ, ಸಿಕ್ಕಿಬಿದ್ದ ದಾರ ಕಿತ್ತು, ಎಣ್ಣೆ ಬಿಟ್ಟು, ಪಟ್ಟಾ ಬಿಗಿ ಮಾಡಿ ಓಡಿಸಿಬಿಟ್ಟೆ. ಮರುದಿನ ಮಾಸ್ತರರು ನನ್ನನ್ನು ಎಲ್ಲರೆದುರು ನಿಲ್ಲಿಸಿ, "ಇವನ ವಿದ್ಯಾ ಕೈಯಾಗ ಅದ. ತಲಿಯಾಗ ತುರುಕೋದು ಬ್ಯಾಡ" ಅಂದರು. ನಾನು ಅದನ್ನು ಹೊಗಳಿಕೆ ಅಂತ ತಿಳಿದು ಸಾಲಿ ಬಿಟ್ಟೆ. ಅವರು ಹೊಗಳಿದ್ದರೋ, ಬಾಯಿ ತಪ್ಪಿ ನಿಜ ಆಡಿದ್ದರೋ, ಇವತ್ತಿಗೂ ಗೊತ್ತಿಲ್ಲ.

ನನ್ನ ಚೀಲ, ಪಾಟಿ, ಅರ್ಧ ಬರೆದ ಎರಡು ನೋಟುಪುಸ್ತಕ ತಂಗಿ ಜಗದೇವಿಗೆ ಹೋದವು. ಆಕೆ ನನಗಿಂತ ಐದು ವರ್ಷ ಸಣ್ಣವಳು. ನಾನು ನಡುವೆಯೇ ಕೈಬಿಟ್ಟಿದ್ದ ಒಂದು ಭಾಗಾಕಾರವನ್ನು ಆಕೆ ಕೆಲವು ವರ್ಷಗಳ ಮೇಲೆ ಅದೇ ಪುಟದಲ್ಲಿ, ನನ್ನ ಅಂಕಿಗಳ ಕೆಳಗೇ ಮುಗಿಸಿಟ್ಟಿದ್ದಳು. ಅಣ್ಣ ಬಿಟ್ಟದ್ದನ್ನು ತಂಗಿ ಮುಗಿಸುವುದು ನಮ್ಮ ಮನೆಯಲ್ಲಿ ಅಲ್ಲಿಂದ ಶುರುವಾಯಿತು. ತಂಗಿ ಕಟ್ಟಿದ್ದನ್ನು ಅಣ್ಣ ಕೆಡಿಸುವುದು ಆಮೇಲೆ ಬಂತು.

ಅಪ್ಪನಿಂದ ನನಗೆ ಎರಡು ಆಸ್ತಿ ಬಂದವು. ಒಂದು, ಒಂದು ಮಾತು. ಇನ್ನೊಂದು, ಒಂದು ಕಾಲು.

ಮೊದಲು ಮಾತಿನದು ಹೇಳುತ್ತೇನೆ. ಅಪ್ಪ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಘಾಟಬೋರಾಳ, ಬೇಮಳಖೇಡ ಅಂತ ಊರೂರು ತಿರುಗುತ್ತಿದ್ದ. ಹಿಂದಿನ ಕ್ಯಾರಿಯರಿನ ಮೇಲೆ ನಾನು. ಹಳೆಯ ಕಪ್ಪು ಮಷಿನ್ನುಗಳನ್ನು ಅಪ್ಪ ಕಣ್ಣು ಮುಚ್ಚಿ ಬಿಚ್ಚಿ ಕಟ್ಟುತ್ತಿದ್ದ. ಆದರೆ ಒಮ್ಮೊಮ್ಮೆ ಯಾರಾದರೂ ಹೊಸ ನಮೂನೆಯ ಮಷಿನ್ ತಂದು ಮುಂದೆ ಇಡುತ್ತಿದ್ದರು. ಅಪ್ಪ ಅದರ ಮುಚ್ಚಳ ತೆಗೆದು, ಒಳಗೆ ಇಣುಕಿ, ನಾಲಿಗೆ ಲೊಚಗುಟ್ಟಿ, ಮುಚ್ಚಳ ತಿರುಗಿ ಹಾಕಿ ಹೇಳುತ್ತಿದ್ದ: "ಸಾಮಾನು ಹೈದರಾಬಾದಿನಿಂದ ಬರಬೇಕ್ರಿ."

ಮನೆ ದಾಟಿದ ಮೇಲೆ ನನಗೆ ಪಾಠ. "ಗಿರಾಕಿ ಮುಂದ ನನಗ ಬರಂಗಿಲ್ಲ ಅನಬಾರದು ಸಿದ್ರಾಮ. ಅಂದ್ರ ಮುಂದಿನ ಸಲ ಕರೆಯಂಗಿಲ್ಲ. ಹೈದರಾಬಾದ್ ಅನ್ನು. ದೂರ ಅದ, ಯಾರೂ ಹೋಗಿ ನೋಡಂಗಿಲ್ಲ."

ನಮ್ಮ ಮನೆಯಲ್ಲಿ ಅದು ಆಟದ ಮಾತಾಗಿಬಿಟ್ಟಿತ್ತು. ಅವ್ವ "ಯಾಕ ಜಗು, ಅಂಗಳ ಕಸ ಹೊಡ್ದಿಲ್ಲ?" ಅಂತ ಕೇಳಿದರೆ, ಗೇಣುದ್ದದ ಜಗದೇವಿ ಸೊಂಟದ ಮೇಲೆ ಕೈಯಿಟ್ಟು, "ಕಸಬರಿಗಿ ಹೈದರಾಬಾದಿನಿಂದ ಬರಬೇಕ್ರಿ" ಅನ್ನುತ್ತಿದ್ದಳು. ಅಪ್ಪನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಇನ್ನು ಕಾಲು. ಮಷಿನ್ ಸರಿಯಾಯಿತೋ ಇಲ್ಲವೋ ನೋಡಬೇಕಾದರೆ ಕೂತು ತುಳಿಯಬೇಕು. ಹತ್ತು ವರ್ಷದವನಿದ್ದಾಗಿನಿಂದ ತುಳಿದೂ ತುಳಿದೂ ನನ್ನ ಬಲಗಾಲಿಗೆ ಒಂದು ಚಟ ಹತ್ತಿದೆ. ಯಾವುದೇ ಮೇಜಿನ ಮುಂದೆ ಕೂತರೂ ಅದು ತಾನೇ ಹೋಗಿ ಪೆಡಲ್ ಹುಡುಕುತ್ತದೆ. ಸಿಗದಿದ್ದರೆ ನೆಲವನ್ನೇ ತುಳಿಯುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ಎಷ್ಟು ಸಲ ಹೊರಳಿ ನೋಡಿದ್ದಾರೋ. ನನಗೆ ಹೆಣ್ಣು ನೋಡಲು ಹೋದಾಗ ಅವಲಕ್ಕಿ ತಟ್ಟೆ ಮುಂದಿಟ್ಟುಕೊಂಡು ಒಂದೇ ಸಮ ತುಳಿಯುತ್ತಿದ್ದೆನಂತೆ. ಹೆಣ್ಣಿನ ಅಪ್ಪ ನಮ್ಮ ಮಾವನ ಕಿವಿಯಲ್ಲಿ, "ಹುಡುಗಗ ಏನರೆ ವಾಯು ಅದೇನ್ರಿ?" ಅಂತ ಕೇಳಿದ್ದರಂತೆ. ಆ ಸಂಬಂಧ ಆಗಲಿಲ್ಲ. ಈಗಿನ ನನ್ನ ಹೆಂಡತಿ ದರ್ಜಿಯ ಮಗಳು, ಆಕೆಗೆ ಅದರಲ್ಲಿ ವಿಶೇಷ ಏನೂ ಕಾಣಿಸಲಿಲ್ಲ.

ಕಾಲಿನ ಮಾತು ಇಷ್ಟು ಎಳೆದದ್ದಕ್ಕೆ ಕಾರಣ ಇದೆ, ತಡೆಯಿರಿ.

ಜಗದೇವಿ ಹತ್ತನೇ ಇಯತ್ತೆ ಪಾಸಾದಳು. ಅದೇ ಊರಿನಲ್ಲಿ, ನಮ್ಮ ಮನೆಯಿಂದ ಎರಡು ಓಣಿ ಆಚೆ ಮದುವೆಯಾದಳು. ಊರ ಅಂಗನವಾಡಿಯಲ್ಲಿ ಕಾರ್ಯಕರ್ತೆಯಾದಳು. ಅಷ್ಟಕ್ಕೆ ಬೇರೆಯವರು ಸಾಕು ಅನ್ನುತ್ತಿದ್ದರು. ಆಕೆ ಸಾಕು ಅನ್ನಲಿಲ್ಲ. ಮಕ್ಕಳಿಗೆ ಉಣಿಸಿ, ತೂಗಿ, ಮಲಗಿಸಿ, ಅವು ಮಲಗಿದಾಗ ಓದಿ ಪಿಯುಸಿ ಕಟ್ಟಿ ಪಾಸಾದಳು. ಆಮೇಲೆ ಮನೆಯಲ್ಲೇ ಕೂತು ಓದುವ ಬಿ.ಎ.ಗೆ ಹೆಸರು ಹಚ್ಚಿದಳು. ಎರಡು ಸಾವಿರ ಇಸವಿ ದಾಟಿ ಐದಾರು ವರ್ಷವಾಗಿತ್ತು. ಆಕೆಯ ಕಣ್ಣು ಸೂಪರ್‌ವೈಜರ್ ನೌಕರಿಯ ಮೇಲೆ. ಹತ್ತಿಪ್ಪತ್ತು ಊರಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಕೆಲಸ. ಕಾರ್ಯಕರ್ತೆಯರಿಂದಲೇ ಕೆಲವರನ್ನು ಆರಿಸುತ್ತಾರೆ, ಆದರೆ ಡಿಗ್ರಿ ಬೇಕು, ವಯಸ್ಸೂ ದಾಟಿರಬಾರದು. ಬಿ.ಎ. ಕೊನೆಯ ವರ್ಷಕ್ಕೆ ಬಂದಾಗ ಆಕೆಯ ವಯಸ್ಸೂ ಕೊನೆಯ ವರ್ಷಕ್ಕೆ ಬಂದಿತ್ತು. ಈ ಸಲ ಆಗದಿದ್ದರೆ ಮುಂದೆ ಇಲ್ಲ.

ಇದನ್ನು ಆಕೆ ನನಗೆ ಬಿಡಿಸಿ ಹೇಳಿದ್ದಳು. ಗೊತ್ತಿರಲಿಲ್ಲ ಅನ್ನುವ ನೆಪ ನನಗಿಲ್ಲ.

ಅದೇ ವರ್ಷ ಒಂದು ಹೊಸ ಪದ್ಧತಿ ಬಂತು. ಮೊದಲು ಪಾಠದ ಪುಸ್ತಕ ಅಂಚೆಯಲ್ಲಿ ಬರುತ್ತಿದ್ದವು. ಈಗ ಪಾಠ, ಪ್ರಶ್ನೆ ಎಲ್ಲ ಕಂಪ್ಯೂಟರಿನೊಳಗೆ. ಆಕೆಗೆ ಕೊಟ್ಟ ಕೇಂದ್ರ ಕಲ್ಯಾಣದ ಒಂದು ಕಾಲೇಜು. ನಾವು ಬಸವಕಲ್ಯಾಣಕ್ಕೆ ಬರೀ ಕಲ್ಯಾಣ ಅನ್ನುತ್ತೇವೆ. ಅಲ್ಲಿಯ ಕಂಪ್ಯೂಟರ್ ಖೋಲಿಗೆ ಹೋಗಿ, ತನ್ನ ನಂಬರು, ಗುಪ್ತ ಅಕ್ಷರ ಒತ್ತಿದರೆ ಪಾಠ ತೆರೆಯುತ್ತವೆ. ಹೊರಗಿನ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ. ಅಲ್ಲಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದರೆ ಹುಮನಾಬಾದಿನ ಝೆರಾಕ್ಸ್ ಅಂಗಡಿಯಲ್ಲಿ ಕಾಗದದ ಮೇಲೆ ತೆಗೆಸಬಹುದು. ಪ್ರಶ್ನೆಗಳಿಗೆ ಉತ್ತರ ಬರೆದು ದಸರೆಯೊಳಗೆ ಕೊಡಬೇಕು. ಕೊಡದವರಿಗೆ ಪರೀಕ್ಷೆ ಇಲ್ಲ.

ಖೋಲಿ ತೆರೆದಿರುವುದು ಕೆಲಸದ ದಿನಗಳಲ್ಲಿ, ಹನ್ನೊಂದರಿಂದ ನಾಲ್ಕರವರೆಗೆ. ಅಂಗನವಾಡಿ ತೆರೆದಿರುವುದೂ ಆಗಲೇ. ಆಗ ಆಕೆಗೆ ಸಹಾಯಕಿಯೂ ಇರಲಿಲ್ಲ. ಒಂದು ದಿನ ಕೀಲಿ ಹಾಕಿದರೆ ಮೂವತ್ತು ಮಕ್ಕಳು ಉಪವಾಸ.

"ಅಣ್ಣಾ, ಗುರುವಾರಕ್ಕೊಮ್ಮೆ ಕಲ್ಯಾಣಕ್ಕ ಹೋಗ್ತಿ ಅಲ್ಲ, ಇಷ್ಟ ಮಾಡ್ತಿಯೇನು? ಮನಿಯವರು ಯಾರರೆ ಬಂದ್ರೂ ನಡಿತದಂತ. ನಾ ಚೀಟಿ ಬರ್ದು ಕೊಡ್ತೀನಿ."

ಗುರುವಾರ ಕಲ್ಯಾಣದ ದರ್ಜಿಗಳ ಮಷಿನ್ ನೋಡಲು ನಾನು ಹೋಗುತ್ತಿದ್ದದ್ದು ನಿಜ. "ಅದೇನು ದೊಡ್ಡ ಮಾತು ಕೊಡು" ಅಂದೆ. "ಮಷಿನ್ ಅಂದ್ರ ಮಷಿನ್. ನನ್ನ ಕೈ ಹತ್ತಿದ್ರ ಮಾತಾಡ್ತದ."

ಅವ್ವ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ, "ಮೊದಲ ನೀ ಕಮ್ಮಿ ಮಾತಾಡು" ಅಂದಳು.

ಜಗದೇವಿ ಹೊಸ ನೀಲಿ ಪೆನ್‌ಡ್ರೈವ್ ಕೊಟ್ಟಳು. ನಂಬರು, ಗುಪ್ತ ಅಕ್ಷರ ಬರೆದ ಒಂದು ಚೀಟಿ ಕೊಟ್ಟಳು. ಇಂಗ್ಲಿಷ್ ಅಕ್ಷರ, ದೊಡ್ಡದಾಗಿ, ಬಿಡಿಬಿಡಿಯಾಗಿ, ಅಂಗನವಾಡಿ ಮಕ್ಕಳಿಗೆ ಬರೆಯುವ ಹಾಗೆ ಬರೆದಿದ್ದಳು. ನಾನು ಅದನ್ನು ಓದಿ ನೋಡಲಿಲ್ಲ. ಮಡಿಸಿ ಜೇಬಿಗೆ ಹಾಕಿದೆ.

ಕಾಲೇಜಿನ ಹಿಂದೆ, ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡಿನ ಪಕ್ಕ ಆ ಖೋಲಿ. ಗೋಡೆಗೆ ನಿಯಮಗಳ ಹಾಳೆ ಅಂಟಿಸಿದ್ದರು. ಚಪ್ಪಲಿ ಹೊರಗೆ ಬಿಡಿ. ಗುರುತಿನ ಚೀಟಿ ತೋರಿಸಿ. ರಜಿಸ್ಟರಿನಲ್ಲಿ ಹೆಸರು, ಬಂದ ವೇಳೆ, ಹೋದ ವೇಳೆ ಬರೆದು ಸಹಿ ಮಾಡಿ. ಒಬ್ಬರಿಗೆ ಅರ್ಧ ತಾಸು. ತಿನಿಸು ಒಳಗೆ ತರಬೇಡಿ. ನಾನು ಎಲ್ಲ ಓದಿದೆ, ಎಲ್ಲದಕ್ಕೂ ತಲೆಬಾಗಿದೆ. ಕಾಲಿನ ಬಗ್ಗೆಯೂ ಒಂದು ನಿಯಮ ಬರೆದಿದ್ದರೆ ಚೆನ್ನಾಗಿತ್ತು.

ಒಳಗೆ ಒಬ್ಬ ಮೇಡಂ ಕೂತಿದ್ದರು. ಕೊರಳಲ್ಲಿ ಕೀಲಿ ಗೊಂಚಲು, ಮುಂದೆ ರಜಿಸ್ಟರು. ಅಣ್ಣನನ್ನು ಕಳಿಸಿದ್ದೇನೆ ಅಂತ ಜಗದೇವಿ ಬೇರೆಯಾಗಿ ಬರೆದುಕೊಟ್ಟಿದ್ದ ಚೀಟಿ ನೋಡಿ, "ಬರ್ರಿ, ಮೂರನೇ ನಂಬರಿನ ಮ್ಯಾಲ ಕೂಡ್ರಿ" ಅಂದರು. ನಾನು ಸಹಿ ಮಾಡಿದೆ. ಜೀವಮಾನದಲ್ಲಿ ಕಾಲೇಜಿನ ಪುಸ್ತಕದಲ್ಲಿ ಸಹಿ ಮಾಡಿದ್ದು ಅದೇ ಮೊದಲು. ಹೆಸರಿನ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕಿ ಬೇರೆ ಇಟ್ಟೆ.

ಎರಡು ಸಾಲಾಗಿ ಎಂಟು ಕಂಪ್ಯೂಟರ್. ಹುಡುಗಿಯರು ಟಕಟಕ ಒತ್ತುತ್ತಿದ್ದರು. ಉಪಯೋಗದಲ್ಲಿ ಇಲ್ಲದವುಗಳಿಗೆ ಬಟ್ಟೆಯ ಹೊದಿಕೆ ಹಾಕಿದ್ದರು. ಹೊದಿಕೆಯ ಹೊಲಿಗೆ ಸೊಟ್ಟ ಇತ್ತು, ದಾರ ಸಡಿಲ ಬಿದ್ದಿತ್ತು. ಆ ಖೋಲಿಯಲ್ಲಿ ನನಗೆ ಅರ್ಥವಾದ ಸಂಗತಿ ಅದೊಂದೇ.

ನಾನು ಕುರ್ಚಿ ಎಳೆದು ಕೂತೆ. ಎದುರಿಗೆ ಮೇಜು. ಮೇಜಿನ ಮೇಲೆ ಮಷಿನ್. ಇನ್ನೇನು ಹೇಳಬೇಕು? ನಾನು ಪರದೆ ನೋಡುತ್ತಿರುವಾಗ ನನ್ನ ಬಲಗಾಲು ಮೇಜಿನ ಕೆಳಗೆ ತನ್ನ ಪಾಡಿಗೆ ತಾನು ಕೆಲಸಕ್ಕೆ ಹೊರಟಿತು. ಮೆತ್ತಗೆ ಹುಡುಕಿತು. ಒಂದು ಕಡೆ ಏನೋ ಚೌಕಟ್ಟಿನದು ಸಿಕ್ಕಿತು. ಆಹಾ ಅಂತ ಒತ್ತಿತು.

ಟಪ್ ಅಂತ ಸದ್ದಾಯಿತು. ನನ್ನ ಸಾಲಿನ ನಾಲ್ಕೂ ಪರದೆ ಕಪ್ಪಾದವು. ಮೂಲೆಯಲ್ಲಿ ಗುಂಯ್ ಅನ್ನುತ್ತಿದ್ದ ದೊಡ್ಡ ಪೆಟ್ಟಿಗೆಯೂ ಉಸಿರು ನಿಲ್ಲಿಸಿತು. ಪಕ್ಕದ ಹುಡುಗಿ, "ಅಯ್ಯಯ್ಯ, ಮುಂಜಾನಿಂದ ಬರ್ದಿದ್ದೆಲ್ಲ ಹೋತ್ರಿ ಮೇಡಂ!" ಅಂತ ಅಳುವ ದನಿಯಲ್ಲಿ ಕೂಗಿದಳು. ಮೇಡಂ ಬಗ್ಗಿ ಮೇಜಿನ ಕೆಳಗೆ ನೋಡಿದರು. ಎಲ್ಲ ವೈರು ಸೇರುವ ಸ್ವಿಚ್ಚಿನ ಹಲಗೆಯ ಮೇಲೆ ನನ್ನ ಬರಿಗಾಲು ಇನ್ನೂ ನಿಷ್ಠೆಯಿಂದ ತುಳಿಯುತ್ತಲೇ ಇತ್ತು.

"ಕಾಲು ತಗೀರಿ!"

ತೆಗೆದೆ. ಅಷ್ಟರಲ್ಲಿ ಅವರ ಮೇಜಿನ ಫೋನು ಬಡಿಯಿತು. ಆಫೀಸಿನಿಂದ ಯಾರೋ ಏನೋ ಕೇಳಿರಬೇಕು. "ಹೌದ್ರಿ ಸರ್, ಸರ್ವರ್ ಡೌನ್ ಆಗ್ಯಾದ" ಅಂದರು ಮೇಡಂ, ನನ್ನನ್ನೇ ನೋಡುತ್ತ.

ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿ ನಗುತ್ತಿದ್ದರು. ಯಾರೂ ನನಗೆ ಬೈಯಲಿಲ್ಲ. ಮೇಡಂ, "ಅರ್ಧ ತಾಸು ಹಿಡಿತದ, ಹೊರಗ ಕೂಡ್ರಿ, ಆಮ್ಯಾಲ ನಾನೇ ತೋರಿಸ್ತೀನಿ" ಅಂತಲೂ ಅಂದರು. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಕೂರಲಿಲ್ಲ. ನೇರ ಬಸ್‌ಸ್ಟ್ಯಾಂಡಿಗೆ ನಡೆದೆ.

ಸಂಜೆ ಜಗದೇವಿ ಬಾಗಿಲಲ್ಲೇ ನಿಂತಿದ್ದಳು. "ತಂದ್ಯಾ ಅಣ್ಣಾ?"

"ಸರ್ವರ್ ಡೌನ್ ಅದ" ಅಂದೆ.

ಅದು ಸುಳ್ಳಲ್ಲ, ನೋಡಿ. ಅವತ್ತು ಡೌನ್ ಆಗಿತ್ತು. ಯಾರ ಕಾಲಿನಿಂದ ಅಂತ ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಮಾತು ಬಾಯಿಂದ ಹೊರಬಿದ್ದಾಗ ನನಗೇ ಒಂದು ಬಗೆಯ ಹೆಮ್ಮೆ ಅನ್ನಿಸಿತು. ಎಷ್ಟು ಓದಿದವನ ಮಾತು! ಅಪ್ಪನಿಗೆ ಹೈದರಾಬಾದ್ ಇದ್ದ ಹಾಗೆ ನನಗೊಂದು ಊರು ಸಿಕ್ಕಿತ್ತು, ಹೈದರಾಬಾದಿಗಿಂತ ದೂರದ್ದು, ಬಸ್ಸೇ ಹೋಗದಂಥದ್ದು.

ಎರಡನೇ ಗುರುವಾರ ಕಾಲೇಜಿನ ಗೇಟಿನವರೆಗೂ ಹೋದೆ. ಆ ನಗುವ ಹುಡುಗಿಯರಲ್ಲಿ ಒಬ್ಬಳು ಸೈಕಲ್ ತಳ್ಳಿಕೊಂಡು ಎದುರಿಗೆ ಬಂದಳು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಹಾಗಂತ ನನಗೆ ಅನ್ನಿಸಿತು. ಹೊರಳಿ ಎದುರಿನ ಹೋಟೆಲ್ಲಿಗೆ ಹೋಗಿ ಚಹಾ ಕುಡಿದೆ, ಮಿರ್ಚಿ ಭಜಿ ತಿಂದೆ. ಮನೆಗೆ ಬಂದು, "ಇನ್ನೂ ಡೌನ್ ಅದ" ಅಂದೆ.

ಮೂರನೇ ಗುರುವಾರ ಗೇಟಿಗೂ ಹೋಗಲಿಲ್ಲ. ಭಜಿ ಮಾತ್ರ ತಿಂದೆ. ಸುಳ್ಳು ಒಂದೇ ನಮೂನೆ ಇದ್ದರೆ ಹಳಸುತ್ತದೆ ಅಂತ ಅದಕ್ಕೆ ಒಗ್ಗರಣೆ ಹಾಕಲು ಕಲಿತೆ. "ಇವತ್ತ ಅರ್ಧ ಎದ್ದಿತ್ತು ನೋಡು, ನನ್ನ ನಂಬರ್ ಬರೂ ಅಷ್ಟರಾಗ ಮತ್ತ ಬಿತ್ತು."

"ಪಾಪ, ಆ ಮೇಡಂ ಎಷ್ಟು ತ್ರಾಸ ಪಡ್ತಾರೋ" ಅಂದಳು ಜಗದೇವಿ. ಅವ್ವನಿಗೂ ಚಿಂತೆ ಹತ್ತಿತು. "ಯಾರಲೇ ಅವ ಸರ್ವರ? ಮೂರು ವಾರ ಆತು ಬಿದ್ದು. ದವಾಖಾನಿಗಿ ಒಯ್ದಾರೋ ಇಲ್ಲೋ?"

"ಒಯ್ದಾರವ್ವಾ" ಅಂದೆ.

ಆಕೆ ಕಾಲೇಜಿಗೆ ಒಂದು ಫೋನು ಮಾಡಬಹುದಿತ್ತಲ್ಲ ಅಂತ ನೀವು ಅನ್ನಬಹುದು. ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ, ತಪ್ಪು ಆಕೆಯ ಮೇಲೆ ಒಂದಿಷ್ಟು ಸರಿಸಲು. ಅಣ್ಣ ಹೋಗಿ ನೋಡಿ ಬಂದು ಹೇಳಿದ ಮೇಲೆ ಆಕೆ ಯಾರಿಗೆ ಫೋನು ಮಾಡಬೇಕು? ಮಾಡಲಿಲ್ಲ, ಅಷ್ಟೇ.

ಏಳು ಗುರುವಾರ ಹೀಗೆ ಹೋದವು. ಪ್ರತಿ ವಾರವೂ ಬಸ್ಸಿನಲ್ಲಿ, ನಡುದಾರಿಯ ರಾಜೇಶ್ವರ ಊರು ಬರುವವರೆಗೆ, ಇವತ್ತು ಹೋಗಿಯೇ ಹೋಗುತ್ತೇನೆ ಅಂದುಕೊಳ್ಳುತ್ತಿದ್ದೆ. ರಾಜೇಶ್ವರ ದಾಟಿದ ಮೇಲೆ, ದಸರೆಗೆ ಇನ್ನೂ ದಿನ ಇವೆ ಅನ್ನಿಸುತ್ತಿತ್ತು. ದಸರೆಯೂ ಬಂತು. ಬನ್ನಿ ಕೊಟ್ಟು ಜಗದೇವಿ ನನ್ನ ಕಾಲಿಗೆ ಬಿದ್ದಳು. ಆ ಕಾಲಿಗೇ.

ದಸರೆ ಮುಗಿದ ವಾರ ಅಂಗನವಾಡಿಗೆ ಹೊಸ ಸಹಾಯಕಿ ಬಂದಳು. ನನಗೆ ಹೇಳದೆ ಜಗದೇವಿ ತಾನೇ ಕಲ್ಯಾಣಕ್ಕೆ ಹೋದಳು. ಸಂಜೆ ಹುಮನಾಬಾದಿನಲ್ಲಿ ಇಳಿದು ಅಂಗಡಿಗೆ ಬಂದಳು. ನಾನು ಒಂದು ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ.

"ಕಲ್ಯಾಣಕ್ಕ ಹೋಗಿದ್ದೆ" ಅಂದಳು.

"ಹೌದಾ? ಸರ್ವರ್..."

"ಛಲೋ ಅದ. ಮೊದ್ಲಿಂದನೂ ಛಲೋನೇ ಇತ್ತಂತ. ಒಂದೇ ದಿನ, ಯಾರೋ ಕಾಲಿಲೆ ಬಂದ್ ಮಾಡಿದ್ರಂತ, ಅರ್ಧ ತಾಸು."

ನಾನು ಎಣ್ಣೆ ಬಿಡುತ್ತಲೇ ಇದ್ದೆ. ಮಷಿನ್ ತುಂಬಿ ಮೇಜಿನ ಮೇಲೆ ಹರಿಯಿತು.

"ರಜಿಸ್ಟರ್ ನೋಡ್ದೆ. ನಿನ್ನ ಸಹಿ ಒಂದೇ ಅದ. ಛಂದ ಮಾಡೀದಿ, ಕೆಳಗ ಗೆರಿ ಎಳ್ದು." ಆಕೆಯ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಸಲೀಸಾಗುತ್ತಿತ್ತು. "ಉತ್ತರ ಕೊಡೂ ದಿನ ಮುಗಿದಾವ. ಈ ವರ್ಷ ಪರೀಕ್ಷಾ ಇಲ್ಲ."

"ಜಗು..."

"ನಂದೂ ತಪ್ಪು ಅದ ಅಣ್ಣಾ. ನನಗ ತಿಳಿಬೇಕಾಗಿತ್ತು. ಇದು ನಮ್ಮಪ್ಪನ ಹೈದರಾಬಾದ್ ಸಾಮಾನು." ಅಷ್ಟು ಹೇಳಿ, ಮೇಜಿನ ಮೇಲಿನ ಚಿಂದಿ ತೆಗೆದು ಹರಿದ ಎಣ್ಣೆ ಒರೆಸಿದಳು. ಆಮೇಲೆ ದುಬಲಗುಂಡಿಯ ಬಸ್ಸಿಗೆ ಹೋದಳು.

ಆ ಬೇಸಿಗೆಯಲ್ಲಿ ಸೂಪರ್‌ವೈಜರ್ ನೌಕರಿಗೆ ಅರ್ಜಿ ಕರೆದರು. ಜಗದೇವಿಗೆ ಡಿಗ್ರಿ ಇರಲಿಲ್ಲ. ಮುಂದಿನ ಸಲ ಕರೆಯುವ ಹೊತ್ತಿಗೆ ವಯಸ್ಸು ಇರುವುದಿಲ್ಲ. ಕೆಲವು ತಿಂಗಳ ನಂತರ ನಾನು ಅಂಗನವಾಡಿಯ ಬಾಗಿಲ ಕೀಲು ಸರಿಮಾಡುತ್ತಿದ್ದಾಗ ಹೊಸ ಸೂಪರ್‌ವೈಜರ್ ಸ್ಕೂಟಿಯ ಮೇಲೆ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಹೆಣ್ಣುಮಗಳು. ನನ್ನ ತಂಗಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ಬರ್ರಿ ಮೇಡಂ" ಅಂತ ಹಾಜರಿ ಪುಸ್ತಕ ಮುಂದಿಟ್ಟಳು. ನಾನು ಬಾಗಿಲ ಹಿಂದೆ ಸ್ಕ್ರೂ ಬಿಗಿಯುತ್ತಲೇ ಇದ್ದೆ, ಅವರು ಹೋಗುವವರೆಗೆ. ಆ ಬಾಗಿಲು ಇವತ್ತಿಗೂ ಬಿಗಿಯಾಗಿಯೇ ತೆರೆಯುತ್ತದೆ.

ನನಗೆ ಬೈದು ಮಾತು ಬಿಟ್ಟಿದ್ದರೆ ನಾನು ಹೇಗೋ ಇದ್ದುಬಿಡುತ್ತಿದ್ದೆ. ಆಕೆ ಹಾಗೆ ಮಾಡಲಿಲ್ಲ. ನನ್ನ ಮಾತನ್ನೇ ಇಟ್ಟುಕೊಂಡಳು. ಆಕೆಯ ಮನೆಗೆ ಹೋಗಿ, "ಜಗು, ಒಂದು ಕಪ್ ಚಹಾ" ಅಂದರೆ, ಒಲೆಯ ಮುಂದಿನಿಂದ ಉತ್ತರ ಬರುತ್ತಿತ್ತು: "ಸರ್ವರ್ ಡೌನ್ ಅದ ಅಣ್ಣಾ." ರೊಟ್ಟಿ ಕೇಳಿದರೆ, "ಅರ್ಧ ಎದ್ದದ, ಕೂಡು." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಕ್ಕ ಮೇಲೆ ಚಹಾ ಬರುತ್ತಿತ್ತು. ಅರ್ಧ ಕಪ್ಪು ಹಾಗೇ ಇಟ್ಟು ಏಳುತ್ತಿದ್ದೆ.

ಮುಂದಿನ ವರ್ಷ ಪಾಠ ಶುರುವಾದಾಗ ನಾನೇ ಹೋಗಿ, "ಚೀಟಿ ಕೊಡು" ಅಂದೆ.

ಆಕೆ ನನ್ನ ಮುಖ ನೋಡಿದಳು. ಆಮೇಲೆ ಕೆಳಗೆ ನೋಡಿದಳು. "ಕಾಲು?"

"ಮ್ಯಾಲಿಟ್ಕೊಂಡು ಕೂಡ್ತೀನಿ."

ಹಾಗೆಯೇ ಕೂತೆ. ಚಪ್ಪಲಿ ಬಿಟ್ಟು, ಸಹಿ ಮಾಡಿ, ಕುರ್ಚಿಯ ಮೇಲೆ ಊಟಕ್ಕೆ ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿದೆ. ಮೇಡಂ ಗುರುತು ಹಿಡಿದರು. ನಗು ತಡೆದುಕೊಂಡು ಪಕ್ಕದಲ್ಲಿ ನಿಂತರು.

"ಮೇಡಂ, ನನಗ ಇದು ಬರಂಗಿಲ್ರಿ" ಅಂದೆ.

ಅಪ್ಪ ಕಲಿಸದ ಮಾತು ಅದು. ಹೇಳುವಾಗ ಕಿವಿ ಬಿಸಿಯಾದವು. ಹೇಳಿದ ಮೇಲೆ ಏನೂ ಆಗಲಿಲ್ಲ. ಛತ್ತು ಬೀಳಲಿಲ್ಲ, ಹುಡುಗಿಯರು ನಗಲಿಲ್ಲ. "ಅದಕ್ಕೇನ್ರಿ, ಯಾರಿಗೂ ಹುಟ್ಟತಾ ಬರಂಗಿಲ್ಲ" ಅಂದರು ಮೇಡಂ. ಇಷ್ಟೇ ಆಗಿತ್ತು ಕೆಲಸ. ಈ ಒಂದು ಮಾತಿಗೆ ಹೆದರಿ ನಾನು ತಂಗಿಯ ಒಂದು ವರ್ಷ ತಿಂದಿದ್ದೆ, ಭಜಿಯ ಜೊತೆ.

ನಂಬರು ಒತ್ತಿದೆ. ಒಂದೊಂದು ಅಕ್ಷರ ಹುಡುಕಿ ಒತ್ತಲು ಹತ್ತು ನಿಮಿಷ ಬೇಕಾಯಿತು. ಆಮೇಲೆ ಗುಪ್ತ ಅಕ್ಷರ. ಒಂದೊಂದಾಗಿ ಒತ್ತಿದೆ. ಪರದೆಯ ಮೇಲೆ ಅಕ್ಷರ ಮೂಡಲಿಲ್ಲ, ಬರೀ ಚುಕ್ಕಿ ಬಂದವು.

"ತಪ್ಪಾತೇನ್ರಿ? ಚುಕ್ಕಿ ಬರಾಕತ್ತಾವ."

"ಹಾಂಗೇ ಬರ್ತಾವ್ರಿ. ಯಾರಿಗೂ ಕಾಣಬಾರದು ಅಂತ." ರಜಿಸ್ಟರಿನಲ್ಲಿ ನನ್ನ ಹೆಸರು ಇನ್ನೂ ನೋಡಿರದ ಮೇಡಂ ಚೀಟಿಯ ಕಡೆ ಬಗ್ಗಿದರು. "ಅಂದಹಾಂಗ, ಸಿದ್ರಾಮ್ ಅಂದ್ರ ಯಾರ್ರಿ?"

ಚೀಟಿಯಲ್ಲಿ ಬರೆದದ್ದು ನನ್ನ ಹೆಸರು. ಮರೆಯಲಾಗದ, ನಂಬಿಕೆಯ ಒಂದು ಹೆಸರು ಇಟ್ಟುಕೊಳ್ಳಿ ಅಂತ ಹೆಸರು ಹಚ್ಚುವಾಗ ಹೇಳಿದ್ದರಂತೆ. ಆಕೆ ನನ್ನದು ಇಟ್ಟುಕೊಂಡಿದ್ದಳು. ಏಳು ಗುರುವಾರ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೆ, ಒಮ್ಮೆಯೂ ಬಿಡಿಸಿ ಓದಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ಆಕೆ ಅದನ್ನು ಬದಲಿಸಿರಲಿಲ್ಲ.

"ನನಗೂ ಪೂರಾ ಗುರ್ತಿಲ್ರಿ" ಅಂದೆ.

ಆ ವರ್ಷ ಒಂದು ಗುರುವಾರವೂ ತಪ್ಪಲಿಲ್ಲ. ರಜಿಸ್ಟರಿನಲ್ಲಿ ನನ್ನ ಸಹಿ ಎಷ್ಟಾದವೆಂದರೆ ಕೆಳಗೆ ಗೆರೆ ಎಳೆಯುವ ಶೋಕಿ ತಾನೇ ಬಿಟ್ಟುಹೋಯಿತು. ಖೋಲಿಯ ಎಂಟೂ ಹೊದಿಕೆ ಬಿಚ್ಚಿ ನೆಟ್ಟಗೆ ಹೊಲಿದು ಕೊಟ್ಟೆ. ಜಗದೇವಿ ಉತ್ತರ ಬರೆದಳು, ಪರೀಕ್ಷೆಯೂ ಬರೆದಳು. ಫಲಿತಾಂಶ ಬರುವ ದಿನವೂ ಗುರುವಾರವೇ ಆಗಿತ್ತು. "ನೀನೇ ನೋಡ್ಕೊಂಡು ಬಾ" ಅಂತ ನನ್ನನ್ನೇ ಕಳಿಸಿದಳು.

ಹನ್ನೊಂದಕ್ಕೆ ಹೋಗಿ ಕಾಲು ಮೇಲಿಟ್ಟು ಕೂತೆ. ನಂಬರು ಒತ್ತಿದೆ. ಪರದೆ ಬೆಳ್ಳಗೆ ನಿಂತಿತು. ಮತ್ತೆ ಒತ್ತಿದೆ. ಬೆಳ್ಳಗೆ. ಖೋಲಿಯ ತುಂಬ ಹುಡುಗ ಹುಡುಗಿಯರು, ಎಲ್ಲರ ಪರದೆಯೂ ಬೆಳ್ಳಗೆ. ಹನ್ನೆರಡಾಯಿತು, ಎರಡಾಯಿತು.

ಮೇಡಂ ಬಂದು ಸಾರಿದರು: "ಇಡೀ ರಾಜ್ಯದವರು ಒಮ್ಮೆಲೇ ನೋಡಾಕತ್ತಾರ್ರಿ. ಸರ್ವರ್ ಡೌನ್ ಅದ. ನಾಳಿ ಬರ್ರಿ."

ಎಲ್ಲರೂ ಎದ್ದು ಹೋದರು. ನಾನು ಏಳಲಿಲ್ಲ.

"ಮನಿಗಿ ಹೋಗ್ರಿ ಸಿದ್ರಾಮ ಅವರ. ಇವತ್ತ ಏಳಂಗಿಲ್ಲ ಅದು."

"ಹ್ಯಾಂಗ ಹೋಗ್ಲಿ ಮೇಡಂ? ಹೋಗಿ ಏನಂತ ಹೇಳ್ಲಿ?"

ಅವರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ನಗಲಿಲ್ಲ ಅಂತ ನೋಡಿ ಅವರೂ ನಿಲ್ಲಿಸಿದರು. ನಾಲ್ಕಕ್ಕೆ ಬಾಗಿಲು ಹಾಕುವ ವೇಳೆಗೆ, ಕೇಳಬಾರದ್ದನ್ನು ಕೇಳುವ ದನಿಯಲ್ಲಿ ಕೇಳಿದೆ: "ಒಂದು ಕಾಗದದ ಮ್ಯಾಲ ಬರ್ದು ಕೊಡ್ರಿ. ಶಿಕ್ಕಾ ಹೊಡ್ದು."

ಬರೆದು ಕೊಟ್ಟರು. ಕಾಲೇಜಿನ ಹೆಸರಿದ್ದ ಹಾಳೆ, ನೀಲಿ ಶಾಯಿ, ದುಂಡನೆಯ ಶಿಕ್ಕಾ. ನಾನು ಅದನ್ನು ಸುಕ್ಕಾಗದ ಹಾಗೆ ಚೀಲದ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಜಗದೇವಿ ಬಾಗಿಲಲ್ಲೇ ನಿಂತಿದ್ದಳು, ಹಿಂದಿನ ವರ್ಷದ ಹಾಗೆಯೇ. ಕಾಗದ ಕೊಟ್ಟೆ. ಆಕೆ ಗಟ್ಟಿಯಾಗಿ ಓದಿದಳು:

"ಈ ದಿನ ಮುಂಜಾನೆಯಿಂದ ಸಂಜೆಯವರೆಗೆ ಸರ್ವರ್ ಬಂದ್ ಇದ್ದ ಕಾರಣ ಫಲಿತಾಂಶ ನೋಡಲು ಆಗಿರುವುದಿಲ್ಲ. ಶ್ರೀ ಸಿದ್ರಾಮ ಇವರು ಇಡೀ ದಿನ ಇಲ್ಲಿಯೇ ಕುಳಿತಿದ್ದರು. ಇವರು ಹೇಳುವುದು ಖರೆ ಇರುತ್ತದೆ."

ಆಕೆಗೆ ಮೊದಲು ನಗು ಬಂತು. ಹೊಸ್ತಿಲ ಮೇಲೆ ಕೂತು ನಕ್ಕಳು. ಆಮೇಲೆ ನಗು ನಿಂತಿತು, ಕಾಗದವನ್ನು ಮತ್ತೊಮ್ಮೆ, ಮನಸ್ಸಿನಲ್ಲೇ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಇಟ್ಟಳು.

"ಇದು ನನಗ್ಯಾಕ? ನಿನ್ನ ಸರ್ಟಿಫಿಕೇಟ್ ಅದ ಇದು. ಜ್ವಾಕಿ ಇಟ್ಕೋ." ಒಳಗೆ ಹೋಗುತ್ತ ಹೊರಳಿ, "ಚಹಾ ಇಡ್ತೀನಿ, ಕೂಡು" ಅಂದಳು. ಆ ದಿನದಿಂದ ಆಕೆ ಸರ್ವರ್ ಮಾತು ಎತ್ತಿಲ್ಲ.

ಮರುದಿನ ಪಾಸಾದದ್ದು ತಿಳಿಯಿತು, ಮೊದಲ ದರ್ಜೆಯಲ್ಲಿ. ಆಕೆಯ ಡಿಗ್ರಿ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಅಂಗನವಾಡಿಯ ಗೋಡೆಗೆ ಹಾಕಿದ್ದೇವೆ. ಸೂಪರ್‌ವೈಜರ್ ಬಂದಾಗ ಅದರ ಕೆಳಗೇ ಕೂರುತ್ತಾರೆ.

ಮೊನ್ನೆಯ ಆ ಹೆಣ್ಣುಮಗಳು ಇನ್ನೂ ಕಾಯುತ್ತಿದ್ದಳು. "ಸ್ಕ್ರೂ ಸಿಗ್ಲಿಲ್ಲೇನ್ರಿ ಅಣ್ಣಾರ?"

ಹೈದರಾಬಾದ್ ನಾಲಿಗೆಯ ತುದಿಯವರೆಗೆ ಬಂದಿತ್ತು. "ನನ್ನ ಹತ್ರ ಇಲ್ಲವಾ. ಈ ನಮೂನಿ ಮಷಿನ್ ನನಗ ಬರೂದೂ ಇಲ್ಲ" ಅಂದೆ. ಆಕೆ ಮಷಿನ್ ಎತ್ತಿಕೊಂಡು ಬೇರೆ ಅಂಗಡಿಗೆ ಹೋದಳು. ಅಪ್ಪ ಹೇಳಿದ್ದು ಸುಳ್ಳಲ್ಲ, ಗಿರಾಕಿ ಹೋಗುತ್ತಾರೆ.

ಸೂಜಿ, ಬಾಬಿನ್, ಪೆನ್‌ಡ್ರೈವ್ ಎಲ್ಲ ತಿರುಗಿ ಡಬ್ಬಿಗೆ ತುಂಬಿದೆ. ಕಾಗದವನ್ನು ಕೊನೆಗೆ, ಮೇಲೆ ಇಟ್ಟೆ. ಆರನೇ ಇಯತ್ತೆಯನ್ನೂ ಮುಗಿಸದವನ ಬಳಿ ಕಾಲೇಜಿನ ಶಿಕ್ಕಾ ಬಿದ್ದ ಕಾಗದ ಅದೊಂದೇ. ಸಿದ್ರಾಮ ಹೇಳುವುದು ಖರೆ ಅಂತ ಅದರಲ್ಲಿ ಬರೆದಿದೆ. ಆದರೆ ಮೇಡಂ ಹುಷಾರಿನವರು, ಮೇಲೆ ತಾರೀಖು ಹಾಕಿದ್ದಾರೆ. ಹಿಂದಿನ ವರ್ಷದ ಏಳು ಗುರುವಾರಕ್ಕೆ ಅದು ನಡೆಯುವುದಿಲ್ಲ.